ಸೂಕ್ಷ್ಮ ಪುಡಿಗಳ ಒಣ ಲೇಪನ ಮತ್ತು ಫ್ಲೂಯಿಡೈಸ್ಡ್ ಬೆಡ್ ವಿಧಾನ: ಘಟಕ ಸ್ಥಾಪಿಸಬಯಸುವ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಹಿಟ್ಟು, ಮಸಾಲೆ, ಔಷಧಿ, ಬಣ್ಣ, ಪ್ಲಾಸ್ಟಿಕ್ ಮುಂತಾದ ಅನೇಕ ಉತ್ಪನ್ನಗಳು ತಯಾರಿಕೆಯ ಯಾವುದಾದರೊಂದು ಹಂತದಲ್ಲಿ ಪುಡಿಯ ರೂಪದಲ್ಲಿರುತ್ತವೆ. ಇಂತಹ ಪುಡಿಗಳನ್ನು ಒಣಗಿಸುವ, ಹುರಿಯುವ, ಬೆರೆಸುವ ಅಥವಾ ಲೇಪಿಸುವ ಘಟಕವನ್ನು ಸ್ಥಾಪಿಸಲು ಪರವಾನಗಿ, ಸಮ್ಮತಿ ಪತ್ರ ಅಥವಾ ಸಾಲ ಸೌಲಭ್ಯಕ್ಕಾಗಿ ಅರ್ಜಿ ಸಲ್ಲಿಸುವವರು ಯೋಜನಾ ವರದಿಯಲ್ಲಿ ಯಂತ್ರದ ಬೆಲೆ ಮತ್ತು ಸಾಮರ್ಥ್ಯವನ್ನು ಮಾತ್ರ ನಮೂದಿಸಿದರೆ ಸಾಲದು. ಪುಡಿಯ ಕಣಗಳ ಗಾತ್ರವೇನು, ಅದು ಸರಾಗವಾಗಿ ಹರಿಯುವುದೇ, ಗಾಳಿಯಲ್ಲಿ ಹರಡಿದಾಗ ಹೊತ್ತಿಕೊಳ್ಳುವುದೇ ಎಂಬ ಮೂರು ಅಂಶಗಳು ಯಂತ್ರದ ಆಯ್ಕೆಯನ್ನೂ ಕಾರ್ಮಿಕರ ಸುರಕ್ಷತೆಯನ್ನೂ ನಿರ್ಧರಿಸುತ್ತವೆ. ಒಂದು ಪುಡಿಗೆ ಹೊಂದುವ ಯಂತ್ರವು ಮತ್ತೊಂದು ಪುಡಿಗೆ ಹೊಂದದೆ ಹೋದಲ್ಲಿ ಹೂಡಿದ ಬಂಡವಾಳವು ನಿಷ್ಫಲವಾಗುತ್ತದೆ. ಧೂಳಿನ ಅಪಾಯವನ್ನು ಕಡೆಗಣಿಸಿದಲ್ಲಿ ಪ್ರಾಣಹಾನಿಯೇ ಸಂಭವಿಸಬಹುದು. ಆದುದರಿಂದ ಈ ವಿಷಯದ ಮೂಲ ತತ್ವಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ನುಣುಪಾದ ಪುಡಿ ಏಕೆ ಹರಿಯುವುದಿಲ್ಲ?

ರಾಗಿ ಕಾಳು ತುಂಬಿದ ಚೀಲದ ಬಾಯಿ ಬಿಚ್ಚಿ ಬಾಗಿಸಿದರೆ ಕಾಳು ತಾನಾಗಿಯೇ ಸುರಿಯುತ್ತದೆ. ಅದೇ ರಾಗಿಯನ್ನು ಬೀಸಿ ಹಿಟ್ಟು ಮಾಡಿದ ನಂತರ ಚೀಲವನ್ನು ಬಾಗಿಸಿದರೆ ಹಿಟ್ಟು ಗೋಡೆಗೆ ಅಂಟಿ ನಿಲ್ಲುತ್ತದೆ, ತಟ್ಟಿದಾಗ ಗಟ್ಟಿಗಟ್ಟಿಯಾಗಿ ಬೀಳುತ್ತದೆ. ವಸ್ತು ಒಂದೇ, ಬದಲಾದದ್ದು ಕಣದ ಗಾತ್ರ.

ಒಂದನ್ನೊಂದು ಮುಟ್ಟಿಕೊಂಡಿರುವ ಎರಡು ಕಣಗಳ ನಡುವೆ ಅತ್ಯಲ್ಪ ಆಕರ್ಷಣೆ ಇರುತ್ತದೆ. ಇದಕ್ಕೆ ವಾನ್ ಡರ್ ವಾಲ್ಸ್ ಬಲ ಎಂದು ಹೆಸರು. ಈ ಬಲವು ಕಣದ ವ್ಯಾಸಕ್ಕೆ ಅನುಗುಣವಾಗಿ ಕಡಿಮೆಯಾದರೆ, ಕಣದ ತೂಕವು ವ್ಯಾಸದ ಘನಕ್ಕೆ ಅನುಗುಣವಾಗಿ ಕಡಿಮೆಯಾಗುತ್ತದೆ. 100 ಮೈಕ್ರಾನ್ ವ್ಯಾಸದ ಕಣವನ್ನು 10 ಮೈಕ್ರಾನಿಗೆ ಇಳಿಸಿದಾಗ ಅಂಟಿಸುವ ಬಲವು 10 ಪಟ್ಟು ಕುಗ್ಗುತ್ತದೆ, ತೂಕವು 1000 ಪಟ್ಟು ಕುಗ್ಗುತ್ತದೆ. ಎಂದರೆ ತೂಕಕ್ಕೆ ಹೋಲಿಸಿದಾಗ ಅಂಟು 100 ಪಟ್ಟು ಹೆಚ್ಚಾದಂತಾಯಿತು. ಈ ಕಾರಣದಿಂದ ನುಣುಪಾದ ಪುಡಿಯ ಕಣಗಳು ಭೂಮಿಯ ಸೆಳೆತಕ್ಕಿಂತ ಪರಸ್ಪರ ಸೆಳೆತಕ್ಕೆ ಹೆಚ್ಚು ಒಳಗಾಗಿ ಮುದ್ದೆಗಟ್ಟುತ್ತವೆ. ತೇವಾಂಶ ಮತ್ತು ಸ್ಥಿರ ವಿದ್ಯುತ್ತು ಈ ತೊಂದರೆಯನ್ನು ಮತ್ತಷ್ಟು ಹೆಚ್ಚಿಸುತ್ತವೆ.

3. ಫ್ಲೂಯಿಡೈಸ್ಡ್ ಬೆಡ್ ಎಂದರೇನು?

ತಳದಲ್ಲಿ ಸಣ್ಣ ರಂಧ್ರಗಳುಳ್ಳ ತಟ್ಟೆಯನ್ನು ಅಳವಡಿಸಿದ ಪಾತ್ರೆಯಲ್ಲಿ ಮರಳನ್ನು ಹರಡಿ, ಕೆಳಗಿನಿಂದ ಗಾಳಿಯನ್ನು ಊದಲಾಗುತ್ತದೆ ಎಂದು ಭಾವಿಸಬಹುದು. ಗಾಳಿಯ ವೇಗ ಕಡಿಮೆಯಿದ್ದಾಗ ಅದು ಮರಳಿನ ಸಂದುಗಳಲ್ಲಿ ನುಸುಳಿ ಹೊರಹೋಗುತ್ತದೆ. ವೇಗವನ್ನು ಕ್ರಮೇಣ ಹೆಚ್ಚಿಸಿದಂತೆ, ಮೇಲ್ಮುಖ ಗಾಳಿಯ ಒತ್ತಡವು ಮರಳಿನ ತೂಕಕ್ಕೆ ಸಮನಾಗುವ ಹಂತವೊಂದು ಬರುತ್ತದೆ. ಆ ಹಂತದಲ್ಲಿ ಪ್ರತಿಯೊಂದು ಕಣವೂ ಗಾಳಿಯಲ್ಲಿ ತೇಲಿ, ಇಡೀ ಮರಳಿನ ಹಾಸು ಕುದಿಯುವ ನೀರಿನಂತೆ ವರ್ತಿಸುತ್ತದೆ. ಪಾತ್ರೆಯನ್ನು ಓರೆ ಮಾಡಿದರೂ ಮೇಲ್ಮೈ ಸಮತಟ್ಟಾಗಿಯೇ ಉಳಿಯುತ್ತದೆ. ಪಕ್ಕದಲ್ಲಿ ರಂಧ್ರ ಮಾಡಿದರೆ ಮರಳು ನೀರಿನಂತೆ ಚಿಮ್ಮುತ್ತದೆ. ಹೀಗೆ ತೇಲುವ ಹಾಸಿಗೆ ಫ್ಲೂಯಿಡೈಸ್ಡ್ ಬೆಡ್ ಎನ್ನಲಾಗುತ್ತದೆ.

ಈ ಸ್ಥಿತಿಯಲ್ಲಿ ಪ್ರತಿ ಕಣದ ಸುತ್ತಲೂ ಗಾಳಿ ಹರಿಯುವುದರಿಂದ ಶಾಖವು ಬೇಗನೆ ಹಾಗೂ ಸಮನಾಗಿ ಹರಡುತ್ತದೆ. ಒಂದು ಭಾಗ ಸೀದು ಮತ್ತೊಂದು ಭಾಗ ಹಸಿಯಾಗಿ ಉಳಿಯುವ ಸಂಭವವು ತೀರಾ ಕಡಿಮೆ. ಪುಡಿಯನ್ನು ನೀರಿನಂತೆ ಕೊಳವೆಯ ಮೂಲಕ ಸಾಗಿಸಲೂ ಸಾಧ್ಯವಾಗುತ್ತದೆ.

ಊದುಯಂತ್ರದ ಸಾಮರ್ಥ್ಯವನ್ನು ಅಂದಾಜು ಮಾಡುವ ಕ್ರಮವು ಸರಳವಾಗಿದೆ. 0.25 ಚದರ ಮೀಟರ್ ತಳವಿರುವ ಪಾತ್ರೆಯಲ್ಲಿ 50 ಕಿಲೋಗ್ರಾಂ ಪುಡಿ ಇದ್ದಲ್ಲಿ, ಚದರ ಮೀಟರಿಗೆ 200 ಕಿಲೋಗ್ರಾಂ ಭಾರವಾಗುತ್ತದೆ. ಇದನ್ನು ಎತ್ತಿ ಹಿಡಿಯಲು 200 ಮಿಲಿಮೀಟರ್ ನೀರಿನ ಸ್ತಂಭಕ್ಕೆ ಸಮನಾದ ಒತ್ತಡ ಬೇಕು. ತಳದ ತಟ್ಟೆಯಲ್ಲಿ ಗಾಳಿ ಸಮನಾಗಿ ಹಂಚಿಕೆಯಾಗಲು ಇದರ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚುವರಿ ಒತ್ತಡವನ್ನು, ಕೊಳವೆ ಹಾಗೂ ಧೂಳು ಶೋಧಕಗಳಿಗಾಗಿ ಮತ್ತಷ್ಟು ಒತ್ತಡವನ್ನು ಸೇರಿಸಿಕೊಳ್ಳಬೇಕಾಗುತ್ತದೆ. ಈ ಲೆಕ್ಕವಿಲ್ಲದೆ ಕೇವಲ ಅಶ್ವಶಕ್ತಿಯನ್ನು ನೋಡಿ ಊದುಯಂತ್ರವನ್ನು ಖರೀದಿಸುವುದು ಸೂಕ್ತವಲ್ಲ.

4. ಎಲ್ಲ ಪುಡಿಗಳೂ ತೇಲುವುದಿಲ್ಲ

ಬ್ರಿಟನ್ನಿನ ವಿಜ್ಞಾನಿ ಡೆರೆಕ್ ಗೆಲ್ಡಾರ್ಟ್ ಅವರು 1973ರಲ್ಲಿ ಪುಡಿಗಳನ್ನು ಅವುಗಳ ತೇಲುವ ಗುಣದ ಆಧಾರದ ಮೇಲೆ ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಕಣದ ಸಾಂದ್ರತೆಯನ್ನು ಅವಲಂಬಿಸಿ ಗಾತ್ರದ ಮಿತಿಗಳು ಬದಲಾಗುತ್ತವೆಯಾದರೂ, ಸ್ಥೂಲವಾಗಿ ಅವು ಈ ಕೆಳಕಂಡಂತಿವೆ:

(1) ಎ ಗುಂಪು: ಸುಮಾರು 30ರಿಂದ 100 ಮೈಕ್ರಾನ್. ಬಹಳ ಸರಾಗವಾಗಿ ತೇಲುತ್ತದೆ. ತೈಲ ಶುದ್ಧೀಕರಣಾಗಾರಗಳ ವೇಗವರ್ಧಕ ಪುಡಿಯು ಈ ಗುಂಪಿಗೆ ಸೇರಿದೆ.
(2) ಬಿ ಗುಂಪು: ಸುಮಾರು 100ರಿಂದ 500 ಮೈಕ್ರಾನ್ ಹಾಗೂ ಅದಕ್ಕೂ ತುಸು ಮೇಲ್ಪಟ್ಟ ಮರಳಿನಂತಹ ಪುಡಿ. ಗುಳ್ಳೆಗಳೊಂದಿಗೆ ತೇಲುತ್ತದೆ.
(3) ಡಿ ಗುಂಪು: ಸುಮಾರು 1 ಮಿಲಿಮೀಟರಿಗಿಂತ ದೊಡ್ಡದಾದ ಕಾಳು, ಬೀಜಗಳು. ಇವುಗಳಿಗೆ ಹೆಚ್ಚಿನ ಗಾಳಿ ಬೇಕು.
(4) ಸಿ ಗುಂಪು: ಸುಮಾರು 20ರಿಂದ 30 ಮೈಕ್ರಾನಿಗಿಂತ ಚಿಕ್ಕದಾದ, ಅಂಟುವ ಪುಡಿ. ಗಾಳಿಯನ್ನು ಊದಿದರೆ ಹಾಸು ಒಟ್ಟಾಗಿ ಮೇಲೇಳುತ್ತದೆ ಅಥವಾ ಬಿರುಕು ಬಿಟ್ಟು ಆ ಬಿರುಕಿನಲ್ಲಿಯೇ ಗಾಳಿ ಹೊರಹೋಗುತ್ತದೆ. ತೇಲುವುದಿಲ್ಲ.

ಔಷಧಿ ಪುಡಿ, ಕೋಕೋ, ಗಂಜಿಹಿಟ್ಟು, ಬಣ್ಣದ ಪುಡಿ ಮುಂತಾದ ಅನೇಕ ಉಪಯುಕ್ತ ಪುಡಿಗಳು ಸಿ ಗುಂಪಿಗೆ ಸೇರುತ್ತವೆ. ಮಾರಾಟಗಾರರು ಮರಳು ಅಥವಾ ಸಕ್ಕರೆಯನ್ನು ಹಾಕಿ ತೋರಿಸುವ ಯಂತ್ರವು ಇಂತಹ ಪುಡಿಗೂ ಅದೇ ರೀತಿ ಕೆಲಸ ಮಾಡುವುದೆಂದು ಅರ್ಜಿದಾರರು ಭಾವಿಸತಕ್ಕದ್ದಲ್ಲ.

5. ಒಣ ಲೇಪನ

ಸಿ ಗುಂಪಿನ ಪುಡಿಯನ್ನು ಹರಿಯುವಂತೆ ಮಾಡುವ ಪರಿಣಾಮಕಾರಿ ಉಪಾಯಗಳಲ್ಲಿ ಒಣ ಲೇಪನವು ಒಂದು. ಇದರಲ್ಲಿ ನೀರು ಅಥವಾ ದ್ರಾವಕವನ್ನು ಬಳಸುವುದಿಲ್ಲ. 10ರಿಂದ 100 ಮೈಕ್ರಾನ್ ಗಾತ್ರದ ಮೂಲ ಪುಡಿಯ ಕಣಗಳ ಮೈಮೇಲೆ, ಅದಕ್ಕಿಂತ ನೂರಾರು ಪಟ್ಟು ಚಿಕ್ಕದಾದ ಮತ್ತೊಂದು ವಸ್ತುವಿನ ಕಣಗಳನ್ನು ಯಾಂತ್ರಿಕ ಬಲದಿಂದ ಅಂಟಿಸಲಾಗುತ್ತದೆ. ಸಾಮಾನ್ಯವಾಗಿ ಬಳಸುವ ಲೇಪಕವೆಂದರೆ 7ರಿಂದ 40 ನ್ಯಾನೋಮೀಟರ್ ಗಾತ್ರದ ಸಿಲಿಕಾ. ಅಂಟಿಸಲು ಬೇರೆ ಗೋಂದಿನ ಅಗತ್ಯವಿಲ್ಲ. ಮೂಲ ಪುಡಿಗೆ ಅಡ್ಡಿಯಾಗಿದ್ದ ವಾನ್ ಡರ್ ವಾಲ್ಸ್ ಬಲವೇ ಸಿಲಿಕಾ ಕಣವನ್ನು ಹಿಡಿದಿಡುತ್ತದೆ.

ಲೇಪನದ ನಂತರ ಎರಡು ಮೂಲ ಕಣಗಳು ನೇರವಾಗಿ ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಇರುವ ಸೂಕ್ಷ್ಮ ಸಿಲಿಕಾ ಕಣಗಳು ಉಬ್ಬುಗಳಂತೆ ವರ್ತಿಸಿ ಅಂತರವನ್ನು ಕಾಯುತ್ತವೆ. ಸಂಪರ್ಕದ ಜಾಗ ಕುಗ್ಗಿದುದರಿಂದ ಅಂಟು ಗಣನೀಯವಾಗಿ ಕಡಿಮೆಯಾಗಿ, ಸಿ ಗುಂಪಿನ ಪುಡಿಯು ಎ ಗುಂಪಿನ ಪುಡಿಯಂತೆ ತೇಲತೊಡಗುತ್ತದೆ.

ಇದಕ್ಕೆ ಬೇಕಾಗುವ ಲೇಪಕದ ಪ್ರಮಾಣ ಅತ್ಯಲ್ಪ. 20 ಮೈಕ್ರಾನ್ ಗಾತ್ರದ ಪುಡಿಯ ಕಣಗಳನ್ನು 20 ನ್ಯಾನೋಮೀಟರ್ ಸಿಲಿಕಾದಿಂದ ಒಂದು ಪದರಿನಷ್ಟು ಪೂರ್ಣವಾಗಿ ಮುಚ್ಚಲು, ಲೆಕ್ಕದ ಪ್ರಕಾರ ಪುಡಿಯ ತೂಕದ ಸುಮಾರು ಶೇ. 0.6ರಷ್ಟು ಸಿಲಿಕಾ ಸಾಕು. ಅಂದರೆ 100 ಕಿಲೋಗ್ರಾಂ ಪುಡಿಗೆ ಸುಮಾರು 600 ಗ್ರಾಂ. ಹಲವು ಸಂದರ್ಭಗಳಲ್ಲಿ ಮೇಲ್ಮೈ ಪೂರ್ಣವಾಗಿ ಮುಚ್ಚದಿದ್ದರೂ ಹರಿವು ಸುಧಾರಿಸುತ್ತದೆ. ಪ್ರಮಾಣ ಮಿತಿಮೀರಿದರೆ ಸಡಿಲವಾಗಿ ಉಳಿದ ಸಿಲಿಕಾ ಧೂಳಾಗಿ ಹಾರುವುದಲ್ಲದೆ ಪುಡಿಯ ಶುದ್ಧತೆಗೂ ಧಕ್ಕೆಯಾಗುತ್ತದೆ.

ಸಿಲಿಕಾವನ್ನು ಕೇವಲ ಸುರಿದು ಕಲಸಿದರೆ ಲೇಪನವಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ನ್ಯಾನೋ ಕಣಗಳು ತಾವೇ ಮುದ್ದೆಗಟ್ಟಿರುತ್ತವೆ. ಆ ಮುದ್ದೆಗಳನ್ನು ಒಡೆದು ಹರಡಲು ಉಜ್ಜುವ ಅಥವಾ ಬಡಿಯುವ ಬಲ ಬೇಕು. ಜಪಾನಿನ ಹೊಸೊಕಾವಾ ಸಂಸ್ಥೆಯ ಮೆಕಾನೋಫ್ಯೂಷನ್ ಹಾಗೂ ನಾರಾ ಸಂಸ್ಥೆಯ ಹೈಬ್ರಿಡೈಸರ್ ಯಂತ್ರಗಳು ಈ ಉದ್ದೇಶಕ್ಕಾಗಿಯೇ ರೂಪಿತವಾದವು. ಅಯಸ್ಕಾಂತದ ಬಲದಿಂದ ಸಣ್ಣ ಕಾಂತಕಣಗಳನ್ನು ಚಲಿಸಿ ಮೃದುವಾಗಿ ಬಡಿಯುವ ವಿಧಾನವೂ, ಸುತ್ತುವ ಫ್ಲೂಯಿಡೈಸ್ಡ್ ಬೆಡ್ಡಿನಲ್ಲಿ ಲೇಪಿಸುವ ವಿಧಾನವೂ ಅಭಿವೃದ್ಧಿಗೊಂಡಿವೆ. ಬಲ ಅತಿಯಾದರೆ ಮೂಲ ಕಣಗಳೇ ಒಡೆಯುತ್ತವೆ, ಶಾಖದಿಂದ ಮೃದುವಾಗುತ್ತವೆ. ಕಡಿಮೆಯಾದರೆ ಲೇಪನ ನಿಲ್ಲುವುದಿಲ್ಲ.

6. ಬಳಕೆಯ ಕ್ಷೇತ್ರಗಳು

ಇಂಧನ: ಜರ್ಮನಿಯ ಫ್ರಿಟ್ಜ್ ವಿಂಕ್ಲರ್ ಅವರು 1920ರ ದಶಕದ ಆರಂಭದಲ್ಲಿ ಕಲ್ಲಿದ್ದಲಿನಿಂದ ಅನಿಲ ತಯಾರಿಸಲು ಫ್ಲೂಯಿಡೈಸ್ಡ್ ಬೆಡ್ ವಿಧಾನವನ್ನು ರೂಪಿಸಿದರು. 1926ರಲ್ಲಿ ಲ್ಯೂನಾದಲ್ಲಿ ಇದರ ಬೃಹತ್ ಘಟಕ ಕಾರ್ಯಾರಂಭ ಮಾಡಿತು. 1942ರಲ್ಲಿ ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಕಚ್ಚಾತೈಲದ ಭಾರವಾದ ಅಂಶವನ್ನು ಪೆಟ್ರೋಲ್ ಆಗಿ ಪರಿವರ್ತಿಸುವ ಘಟಕ ಆರಂಭವಾಯಿತು. ಮಂಗಳೂರಿನ ತೈಲ ಶುದ್ಧೀಕರಣಾಗಾರದಲ್ಲಿಯೂ ಈ ಬಗೆಯ ಘಟಕವಿದೆ. ತಮಿಳುನಾಡಿನ ನೈವೇಲಿಯಲ್ಲಿ ಲಿಗ್ನೈಟ್ ಉರಿಸುವ ತಲಾ 250 ಮೆಗಾವ್ಯಾಟಿನ ಎರಡು ಘಟಕಗಳು ಇದೇ ತತ್ವದ ಬಾಯ್ಲರುಗಳನ್ನು ಹೊಂದಿವೆ.

ಈ ಬಾಯ್ಲರುಗಳಲ್ಲಿ ಇಂಧನವು 800ರಿಂದ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಸಾಮಾನ್ಯ ಕಲ್ಲಿದ್ದಲು ಬಾಯ್ಲರಿಗಿಂತ ಕಡಿಮೆ ತಾಪದಲ್ಲಿ ಉರಿಯುವುದರಿಂದ ನೈಟ್ರೋಜನ್ ಆಕ್ಸೈಡುಗಳು ಕಡಿಮೆ ಉಂಟಾಗುತ್ತವೆ. ಹಾಸಿಗೆ ಸುಣ್ಣಕಲ್ಲನ್ನು ಸೇರಿಸಿದಲ್ಲಿ ಗಂಧಕದ ಅಂಶವೂ ಅಲ್ಲಿಯೇ ಹಿಡಿದಿಡಲ್ಪಡುತ್ತದೆ. ಭತ್ತದ ಹೊಟ್ಟು, ಕೃಷಿ ತ್ಯಾಜ್ಯ ಮುಂತಾದ ಸ್ಥಳೀಯ ಇಂಧನಗಳನ್ನು ಉರಿಸಲು ಸಣ್ಣ ಬಾಯ್ಲರುಗಳೂ ಬಳಕೆಯಲ್ಲಿವೆ. ಆದರೆ ಕೆಲವು ಕೃಷಿ ತ್ಯಾಜ್ಯಗಳ ಬೂದಿಯಲ್ಲಿರುವ ಪೊಟ್ಯಾಸಿಯಂ ಅಂಶವು ಮರಳಿನೊಂದಿಗೆ ಕರಗಿ, ಹಾಸು ಗಟ್ಟಿಯಾಗಿ ನಿಂತುಹೋಗುವ ಸಂಭವವಿರುತ್ತದೆ. ಇಂಧನವನ್ನು ಬದಲಿಸುವ ಮೊದಲು ಬೂದಿಯ ಪರೀಕ್ಷೆ ಅವಶ್ಯಕ.

ಪೌಡರ್ ಕೋಟಿಂಗ್: ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಈ ಘಟಕಗಳು ಸಾಮಾನ್ಯ. ಜರ್ಮನಿಯ ಎರ್ವಿನ್ ಗೆಮ್ಮರ್ ಅವರು 1950ರ ದಶಕದಲ್ಲಿ ಬಿಸಿ ಮಾಡಿದ ಲೋಹದ ವಸ್ತುವನ್ನು ತೇಲುವ ಪ್ಲಾಸ್ಟಿಕ್ ಪುಡಿಯಲ್ಲಿ ಅದ್ದುವ ವಿಧಾನವನ್ನು ಬಳಕೆಗೆ ತಂದರು. ಪುಡಿಯು ಲೋಹದ ಮೇಲೆ ಕರಗಿ ದಪ್ಪನೆಯ ಪದರಾಗುತ್ತದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಸ್ಥಿರ ವಿದ್ಯುತ್ ಗನ್ ವಿಧಾನದಲ್ಲಿಯೂ ಗನ್ನಿಗೆ ಪುಡಿ ಒದಗಿಸುವ ಡಬ್ಬಿಯು ಸಾಮಾನ್ಯವಾಗಿ ಫ್ಲೂಯಿಡೈಸ್ಡ್ ಬೆಡ್ಡೇ ಆಗಿರುತ್ತದೆ. ಪುಡಿ ಸರಾಗವಾಗಿ ಹರಿಯಲು ತಯಾರಕರು ಅದರಲ್ಲಿ ಅತ್ಯಲ್ಪ ಸಿಲಿಕಾ ಅಥವಾ ಅಲ್ಯೂಮಿನಾವನ್ನು ಸೇರಿಸಿರುತ್ತಾರೆ. ತೇವ ತಗುಲಿದ ಪುಡಿಯು ಈ ಗುಣವನ್ನು ಕಳೆದುಕೊಂಡು ಗನ್ನಿನಿಂದ ಬಿಟ್ಟುಬಿಟ್ಟು ಹೊರಬೀಳುತ್ತದೆ.

ಔಷಧಿ: ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇಲ್ ವುರ್ಸ್ಟರ್ ಅವರು 1950ರ ದಶಕದಲ್ಲಿ ಮಾತ್ರೆಗಳನ್ನು ಗಾಳಿಯಲ್ಲಿ ತೇಲಿಸಿ ದ್ರಾವಣ ಸಿಂಪಡಿಸಿ ಲೇಪಿಸುವ ವಿಧಾನವನ್ನು ಕಂಡುಹಿಡಿದರು. ನಿಧಾನವಾಗಿ ಕರಗುವ ಔಷಧಿ ಗುಳಿಗೆಗಳ ತಯಾರಿಕೆಯಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ. ಇದು ಒದ್ದೆ ಲೇಪನ. ಕಣಗಳು ತೀರಾ ಸೂಕ್ಷ್ಮವಾದರೆ ಸಿಂಪಡಿಸಿದ ದ್ರಾವಣದಿಂದಲೇ ಮುದ್ದೆಗಟ್ಟುತ್ತವೆ. ಅಂತಹ ಸಂದರ್ಭದಲ್ಲಿ ಮೊದಲು ಒಣ ಲೇಪನ ಮಾಡಿ ಪುಡಿಯನ್ನು ತೇಲುವಂತೆ ಮಾಡಿಕೊಳ್ಳಬಹುದು. ಅಸ್ತಮಾ ರೋಗಿಗಳು ಉಸಿರಿನೊಂದಿಗೆ ಸೇದುವ ಪುಡಿ ಔಷಧಿಯಲ್ಲಿ 1ರಿಂದ 5 ಮೈಕ್ರಾನಿನ ಔಷಧಿ ಕಣಗಳು ದೊಡ್ಡ ಲ್ಯಾಕ್ಟೋಸ್ ಕಣಗಳ ಮೈಗೆ ಅಂಟಿರುತ್ತವೆ. ಇಲ್ಲಿ ಅಂಟು ಡಬ್ಬಿಯಲ್ಲಿರುವಾಗ ನಿಲ್ಲಬೇಕು, ಉಸಿರು ಎಳೆದಾಗ ಬಿಡಬೇಕು. ಆದುದರಿಂದ ಲೇಪನವು ಎಷ್ಟು ಬಿಗಿಯೋ ಅಷ್ಟು ಒಳ್ಳೆಯದು ಎಂಬ ನಿಯಮ ಎಲ್ಲೆಡೆ ಅನ್ವಯಿಸುವುದಿಲ್ಲ.

ಆಹಾರ: ಹಸಿ ಬಟಾಣಿಯನ್ನು ಕಾಳು ಕಾಳಾಗಿ ಘನೀಕರಿಸುವ, ಧಾನ್ಯಗಳನ್ನು ಒಣಗಿಸುವ ಯಂತ್ರಗಳು ಇದೇ ತತ್ವದವು. ಕಾಫಿ ಬೀಜವನ್ನು ಇದರ ಸಮೀಪದ ವಿಧಾನವಾದ ಚಿಮ್ಮುವ ಹಾಸಿನಲ್ಲಿ ಹುರಿಯುವ ಬಗ್ಗೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಅಧ್ಯಯನಗಳು ನಡೆದಿವೆ. ಪುಡಿ ಉಪ್ಪು, ಮಸಾಲೆ ಮುಂತಾದವು ಗಟ್ಟಿಯಾಗದಂತೆ ಸೇರಿಸುವ ಸಿಲಿಕಾವನ್ನು ಪೊಟ್ಟಣದ ಮೇಲೆ 551 ಎಂಬ ಸಂಖ್ಯೆಯಿಂದ ಗುರುತಿಸಲಾಗುತ್ತದೆ.

ಅಗ್ನಿಶಾಮಕ: ಕಚೇರಿ, ಶಾಲೆಗಳ ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರುಗಳ ಪೈಕಿ ಹಲವುಗಳಲ್ಲಿರುವುದು ಒಣ ಪುಡಿ. ವರ್ಷಗಟ್ಟಲೆ ಮುಟ್ಟದೆ ಇಟ್ಟರೂ ಗಟ್ಟಿಯಾಗದೆ, ಗುಂಡಿ ಒತ್ತಿದ ಕ್ಷಣದಲ್ಲಿ ಅನಿಲದೊಂದಿಗೆ ನೀರಿನಂತೆ ಹೊರಬರಬೇಕಾದುದರಿಂದ ಆ ಪುಡಿಗೆ ಸಿಲಿಕೋನ್ ಲೇಪನ ನೀಡಿ, ಸಿಲಿಕಾ ಮುಂತಾದ ಹರಿವುಕಾರಕಗಳನ್ನು ಸೇರಿಸಲಾಗಿರುತ್ತದೆ.

7. ಧೂಳಿನ ಅಪಾಯ

ಸಕ್ಕರೆ, ಹಿಟ್ಟು, ಮರದ ಪುಡಿ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಹಾಗೂ ಬಹುತೇಕ ಸಾವಯವ ಔಷಧಿ ಪುಡಿಗಳು ಗಾಳಿಯಲ್ಲಿ ಹರಡಿ ನಿಂತಾಗ ಸ್ಫೋಟಿಸಬಲ್ಲವು. ಇದಕ್ಕೆ ಐದು ಅಂಶಗಳು ಒಟ್ಟಾಗಬೇಕು: ಉರಿಯುವ ಪುಡಿ, ಗಾಳಿ, ಪುಡಿಯು ಗಾಳಿಯಲ್ಲಿ ಹರಡಿರುವುದು, ಮುಚ್ಚಿದ ಜಾಗ ಮತ್ತು ಕಿಡಿ. ಉರಿಯುವ ಪುಡಿಯನ್ನು ಗಾಳಿಯಿಂದ ತೇಲಿಸುವ ಫ್ಲೂಯಿಡೈಸ್ಡ್ ಬೆಡ್ ಯಂತ್ರದೊಳಗೆ ಮೊದಲ ನಾಲ್ಕು ಅಂಶಗಳು ಒದಗಿಬರಬಲ್ಲವು. ಉಳಿಯುವುದು ಕಿಡಿಯೊಂದೇ. ತೇಲುವ ಕಣಗಳು ಪರಸ್ಪರ ಉಜ್ಜಿ ಸ್ಥಿರ ವಿದ್ಯುತ್ತನ್ನು ಉಂಟುಮಾಡುವುದರಿಂದ ಭೂಸಂಪರ್ಕವಿಲ್ಲದ ಲೋಹದ ಭಾಗವೊಂದೇ ಆ ಕಿಡಿಗೆ ಕಾರಣವಾಗಬಹುದು.

ನೆಲ, ತೊಲೆ, ದೀಪದ ಕವಚಗಳ ಮೇಲೆ ಕುಳಿತ ಧೂಳು ಇನ್ನೂ ಅಪಾಯಕಾರಿ. 1 ಮಿಲಿಮೀಟರ್ ದಪ್ಪದ ಹಿಟ್ಟಿನ ಪದರಿನಲ್ಲಿ ಚದರ ಮೀಟರಿಗೆ ಸುಮಾರು 500 ಗ್ರಾಂ ಹಿಟ್ಟಿರುತ್ತದೆ. 5 ಮೀಟರ್ ಎತ್ತರದ ಕೊಠಡಿಯಲ್ಲಿ ಅದೆಲ್ಲವೂ ಮೇಲೆದ್ದರೆ ಪ್ರತಿ ಘನ ಮೀಟರ್ ಗಾಳಿಯಲ್ಲಿ 100 ಗ್ರಾಂ ಧೂಳಿರುತ್ತದೆ. ಹಲವು ಸಾವಯವ ಪುಡಿಗಳಿಗೆ ಘನ ಮೀಟರಿಗೆ ಕೆಲವು ಹತ್ತು ಗ್ರಾಂಗಳೇ ಸ್ಫೋಟಕ್ಕೆ ಸಾಕು. ಸಣ್ಣ ಮೊದಲ ಸ್ಫೋಟವು ಕುಳಿತ ಧೂಳನ್ನು ಎಬ್ಬಿಸುತ್ತದೆ. ಕಟ್ಟಡವನ್ನು ಕೆಡಹುವುದು ಅನಂತರದ ಸ್ಫೋಟ. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್ ಸಕ್ಕರೆ ಕಾರ್ಖಾನೆಯಲ್ಲಿ ಮುಚ್ಚಿದ ಕನ್ವೇಯರಿನಲ್ಲಿ ಆರಂಭವಾದ ಸ್ಫೋಟವು ಈ ರೀತಿ ಹರಡಿ 14 ಮಂದಿ ಮೃತಪಟ್ಟರು. 2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನಲ್ಲಿ ಔಷಧಿ ತಯಾರಿಕೆಗೆ ಬೇಕಾದ ಸೆಲ್ಯುಲೋಸ್ ಪುಡಿಯನ್ನು ತಯಾರಿಸುವ ಕಾರ್ಖಾನೆಯಲ್ಲಿ ಸಂಭವಿಸಿದ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಶೇ. 1ರಷ್ಟು ಸಿಲಿಕಾ ಲೇಪನದಿಂದ ಉರಿಯುವ ಪುಡಿಯು ಉರಿಯದ ಪುಡಿಯಾಗುವುದಿಲ್ಲ. ಮುದ್ದೆಗಟ್ಟುವುದು ತಪ್ಪಿದ ಪುಡಿಯು ಗಾಳಿಯಲ್ಲಿ ಹೆಚ್ಚು ಸುಲಭವಾಗಿ ಹರಡುವುದರಿಂದ, ಲೇಪಿಸಿದ ಪುಡಿಯನ್ನೇ ಪ್ರತ್ಯೇಕವಾಗಿ ಸ್ಫೋಟ ಪರೀಕ್ಷೆಗೆ ಒಳಪಡಿಸುವುದು ಅವಶ್ಯಕ.

ಆರೋಗ್ಯದ ದೃಷ್ಟಿಯಿಂದ ಸಿಲಿಕಾದಲ್ಲಿ ಎರಡು ಬಗೆಗಳಿವೆ. ಲೇಪನಕ್ಕೆ ಬಳಸುವುದು ಸ್ಫಟಿಕವಲ್ಲದ ಸಿಲಿಕಾ. ಬಾಯ್ಲರಿನ ಹಾಸಿನಲ್ಲಿರುವ ಮರಳು ಸ್ಫಟಿಕ ಸಿಲಿಕಾ ಆಗಿದ್ದು, ಅದರ ನುಣುಪಾದ ಧೂಳನ್ನು ದೀರ್ಘಕಾಲ ಉಸಿರಾಡಿದಲ್ಲಿ ವಾಸಿಯಾಗದ ಸಿಲಿಕೋಸಿಸ್ ರೋಗ ಬರುತ್ತದೆ. ಮೊದಲನೆಯದು ಆ ರೋಗವನ್ನು ತರುವ ಬಗೆಯದಲ್ಲವಾದರೂ ಅದರ ಧೂಳನ್ನೂ ಉಸಿರಾಡಬಾರದು. ಮೂಗಿಗೆ ಕಟ್ಟಿದ ಬಟ್ಟೆಯು ಇಂತಹ ಧೂಳನ್ನು ತಡೆಯುವುದಿಲ್ಲ.

8. ಅರ್ಜಿ ಸಲ್ಲಿಸುವ ಮೊದಲು

ಅರ್ಜಿದಾರರು ಯಂತ್ರಕ್ಕೆ ಮುಂಗಡ ಪಾವತಿಸುವ ಮೊದಲೇ ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ:

(1) ಪುಡಿಯ ಕಣಗಾತ್ರ, ತೇವಾಂಶ ಮತ್ತು ಸಾಂದ್ರತೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ವರದಿಯನ್ನು ಯೋಜನಾ ವರದಿಗೆ ಲಗತ್ತಿಸುವುದು.

(2) ಹರಿವಿನ ಸರಳ ಪರೀಕ್ಷೆಯನ್ನು ಮಾಡಿಕೊಳ್ಳುವುದು. ಅಳತೆಯ ಗಾಜಿನ ಸಿಲಿಂಡರಿನಲ್ಲಿ 100 ಮಿಲಿಲೀಟರ್ ಗುರುತಿನವರೆಗೆ ಪುಡಿಯನ್ನು ಸಡಿಲವಾಗಿ ತುಂಬಿ, ಮಟ್ಟವು ಇನ್ನು ಇಳಿಯದವರೆಗೆ ತಟ್ಟಬೇಕು. ಮೊದಲ ಅಳತೆಯನ್ನು ಕೊನೆಯ ಅಳತೆಯಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ಹೌಸ್ನರ್ ಅನುಪಾತ ಎಂದು ಹೆಸರು. ಅದು 1.25ಕ್ಕಿಂತ ಕಡಿಮೆಯಿದ್ದರೆ ಪುಡಿ ಸರಾಗವಾಗಿ ಹರಿಯುತ್ತದೆ, 1.4ಕ್ಕಿಂತ ಹೆಚ್ಚಿದ್ದರೆ ಅಂಟುತ್ತದೆ. ಉದಾಹರಣೆಗೆ, ಮಟ್ಟವು 66ಕ್ಕೆ ಇಳಿದರೆ ಅನುಪಾತ ಸುಮಾರು 1.5, ಲೇಪನದ ನಂತರ 82ರಲ್ಲಿ ನಿಂತರೆ ಸುಮಾರು 1.2. ಲೇಪನ ಯಶಸ್ವಿಯಾಗಿದೆಯೇ ಎಂಬುದನ್ನು ಹೀಗೆ ಸ್ಥೂಲವಾಗಿ ತಿಳಿಯಬಹುದು.

(3) ಮಾರಾಟಗಾರರ ಬಳಿ ಅರ್ಜಿದಾರರದೇ ಪುಡಿಯನ್ನು ಒಯ್ದು ಯಂತ್ರದಲ್ಲಿ ಪ್ರಾಯೋಗಿಕವಾಗಿ ನಡೆಸಿ ನೋಡುವುದು.

(4) ಪುಡಿ ಉರಿಯುವಂತಹುದಾಗಿದ್ದಲ್ಲಿ ಸ್ಫೋಟ ಒತ್ತಡವನ್ನು ಹೊರಬಿಡುವ ಕಿಂಡಿ, ಎಲ್ಲ ಲೋಹದ ಭಾಗಗಳಿಗೆ ಭೂಸಂಪರ್ಕ, ಧೂಳು ಸಂಗ್ರಾಹಕ ಮತ್ತು ಧೂಳು ನಿರೋಧಕ ವಿದ್ಯುತ್ ಉಪಕರಣಗಳನ್ನು ನಕ್ಷೆಯಲ್ಲಿಯೇ ತೋರಿಸುವುದು. ಕುಳಿತ ಧೂಳನ್ನು ಸಂಕುಚಿತ ಗಾಳಿಯಿಂದ ಊದಿ ತೆಗೆಯದೆ, ಅದಕ್ಕೆ ತಕ್ಕ ನಿರ್ವಾತ ಯಂತ್ರದಿಂದ ಹೀರಿ ತೆಗೆಯುವ ವ್ಯವಸ್ಥೆ ಮಾಡುವುದು.

(5) ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳು ಉದ್ಯಮ್ ನೋಂದಣಿಯನ್ನು ಶುಲ್ಕವಿಲ್ಲದೆ ಪಡೆಯಬಹುದು. ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1981ರ ಮೇರೆಗೆ ಘಟಕವು ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ತಿಳಿದುಕೊಂಡು, ಅಗತ್ಯವಿದ್ದಲ್ಲಿ ಸ್ಥಾಪನಾ ಸಮ್ಮತಿಯನ್ನು ಕಟ್ಟಡ ಕಾಮಗಾರಿಗೆ ಮೊದಲೇ ಪಡೆಯತಕ್ಕದ್ದು.

(6) ಆಹಾರ ಪದಾರ್ಥವಾಗಿದ್ದಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ಹಾಗೂ ಔಷಧಿಯಾಗಿದ್ದಲ್ಲಿ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮ, 1940ರ ಮೇರೆಗೆ ಪರವಾನಗಿ ಅವಶ್ಯಕ. ಲೇಪಕ ವಸ್ತುವು ಆ ಉತ್ಪನ್ನದಲ್ಲಿ ಅನುಮತಿಸಲ್ಪಟ್ಟಿದೆಯೇ, ಅದರ ಮಿತಿ ಎಷ್ಟು ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು. ಉಗಿ ಬಾಯ್ಲರ್ ಅಳವಡಿಸುವವರು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯನ್ನು ಸಂಪರ್ಕಿಸತಕ್ಕದ್ದು.

9. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಸಣ್ಣ ಘಟಕಕ್ಕೆ ದುಬಾರಿ ಲೇಪನ ಯಂತ್ರ ಅನಿವಾರ್ಯವೇ?
ಉತ್ತರ: ಅನಿವಾರ್ಯವಲ್ಲ. ಪುಡಿಯನ್ನು ಕೇವಲ 60ರಿಂದ 100 ಮೈಕ್ರಾನಿನಷ್ಟು ತರಿಯಾಗಿ ಇಟ್ಟುಕೊಂಡರೆ ಅಥವಾ ಚೆನ್ನಾಗಿ ಒಣಗಿಸಿದರೆ ಹಲವು ಬಾರಿ ಲೇಪನದ ಅಗತ್ಯವೇ ಬೀಳುವುದಿಲ್ಲ. ನುಣುಪು ಅತ್ಯವಶ್ಯಕವಾಗಿದ್ದಲ್ಲಿ ಮಾತ್ರ ಲೇಪನವನ್ನು ಪರಿಗಣಿಸುವುದು ಲಾಭದಾಯಕ.

ಪ್ರಶ್ನೆ: ಅಂಟುವ ಪುಡಿಗೆ ಗಾಳಿಯ ವೇಗವನ್ನು ಹೆಚ್ಚಿಸಿದರೆ ತೇಲುವುದಿಲ್ಲವೇ?
ಉತ್ತರ: ಬಹುತೇಕ ತೇಲುವುದಿಲ್ಲ. ಗಾಳಿಯು ಬಿರುಕುಗಳಲ್ಲಿ ಹೊರಹೋಗುತ್ತದೆ, ಬಿಡಿ ಕಣಗಳು ಶೋಧಕಕ್ಕೆ ಹಾರಿಹೋಗುತ್ತವೆ, ವಿದ್ಯುತ್ ವೆಚ್ಚ ಏರುತ್ತದೆ. ಕಂಪನ ಅಥವಾ ಕಲಕುವ ಸಾಧನವನ್ನು ಅಳವಡಿಸಿದರೆ ಸ್ವಲ್ಪಮಟ್ಟಿಗೆ ನೆರವಾಗುತ್ತದೆ.

ಪ್ರಶ್ನೆ: ಮೊದಲು ಪರವಾನಗಿ ಪಡೆದ ಪುಡಿಯ ಬದಲಿಗೆ ಬೇರೆ ಪುಡಿಯನ್ನು ಅದೇ ಯಂತ್ರದಲ್ಲಿ ಬಳಸಬಹುದೇ?
ಉತ್ತರ: ಪುಡಿ ಬದಲಾದರೆ ಹರಿವು, ಸ್ಫೋಟದ ಗುಣ ಮತ್ತು ಧೂಳಿನ ಪ್ರಮಾಣ ಮೂರೂ ಬದಲಾಗುತ್ತವೆ. ಪರೀಕ್ಷೆಗಳನ್ನು ಹೊಸದಾಗಿ ಮಾಡಿಸಿ, ಸಂಬಂಧಪಟ್ಟ ಪ್ರಾಧಿಕಾರಗಳಿಗೆ ತಿಳಿಸಿ, ಅಗತ್ಯ ಅನುಮತಿ ಪಡೆದ ನಂತರವೇ ಬಳಸತಕ್ಕದ್ದು.

ಹೆಚ್ಚಿನ ಮಾಹಿತಿ ಬಯಸುವವರು ಪುಡಿಯ ಪರೀಕ್ಷಾ ವರದಿ ಹಾಗೂ ಯಂತ್ರದ ಕರಡು ನಕ್ಷೆಯೊಂದಿಗೆ ತಮ್ಮ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.